ಒಂದೇ ಒಲೆಯ ಮಕ್ಕಳು

ಕಾಸಿಮೇಡಿನ ಬಂದರಿನ ಸುತ್ತಲಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ತರುಣರು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮನೆಯವರು ಆಡುವ ಮೊದಲ ಮಾತು, "ಮೈ ಬಂದಿದೆ, ಪಟ್ಟಣದ ನೀರು ಹಿಡಿಸಿದೆ" ಎಂಬುದು. ಗದ್ದೆಯಲ್ಲಿ ದುಡಿಯುವ ಅಣ್ಣ ಬಡಕಲಾಗಿಯೂ, ಗಲ್ಲಾದಲ್ಲಿ ಕುಳಿತ ತಮ್ಮ ದುಂಡಗಾಗಿಯೂ ಕಂಡರೆ, ಅದನ್ನು ಅದೃಷ್ಟದ ಗುರುತೆಂದು ಬಗೆಯುವ ರೂಢಿ ನಮ್ಮಲ್ಲಿದೆ. ಈ ರೂಢಿಯನ್ನು ನಾವು ಕೈಬಿಡಬೇಕಾದ ಕಾಲ ಬಂದಿದೆ.

ಒಂದೇ ತಾಯಿಯ ಕೈಯ ಗಂಜಿಯುಂಡು ಬೆಳೆದ ಮಕ್ಕಳ ಮೈತೂಕ ಒಂದೇ ಬಗೆಯಾಗಿರಬೇಕೆಂದು ನಾವು ನಂಬುತ್ತೇವೆ. ಅದು ಪೂರ್ತಿ ನಿಜವಲ್ಲ. 1986ರಲ್ಲಿ ಸ್ಟಂಕಾರ್ಡ್ ಎಂಬ ವೈದ್ಯರೂ ಅವರ ಸಂಗಡಿಗರೂ ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಮಂದಿಯನ್ನು ಪರಿಶೀಲಿಸಿದರು. ಅವರ ಮೈತೂಕವು ಹೆತ್ತವರದನ್ನು ಹೋಲುತ್ತಿತ್ತೇ ಹೊರತು ಸಾಕಿದವರದನ್ನಲ್ಲ. ಎಳೆಯ ವಯಸ್ಸಿನಲ್ಲಿ ಮನೆಯ ಅಡುಗೆಯ ಪ್ರಭಾವ ಕಾಣುತ್ತದೆಯಾದರೂ, ಹರೆಯ ದಾಟುವ ವೇಳೆಗೆ ಅದು ಬಹುಮಟ್ಟಿಗೆ ಮಾಸುತ್ತದೆಂದು ಅವಳಿಗಳನ್ನು ಕುರಿತ ಅಧ್ಯಯನಗಳೂ ತಿಳಿಸುತ್ತವೆ.

ಹಾಗಾದರೆ ಎಲ್ಲವೂ ವಂಶದ ಗುಣವೇ? ಅದೂ ಅಲ್ಲ. 1990ರಲ್ಲಿ ಕೆನಡಾದ ಬೂಷಾರ್ ಎಂಬ ವಿಜ್ಞಾನಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 12 ಜೋಡಿ ಅವಳಿ ತರುಣರಿಗೆ 84 ದಿನ, ದಿನವೊಂದಕ್ಕೆ 1000 ಕ್ಯಾಲೊರಿಯಷ್ಟು ಹೆಚ್ಚಿಗೆ ಉಣಿಸಲಾಯಿತು. ಒಬ್ಬನಿಗೆ ಸುಮಾರು 4 ಕಿಲೋ ಏರಿದರೆ ಇನ್ನೊಬ್ಬನಿಗೆ 13 ಕಿಲೋ ಏರಿತು. ಆದರೆ ಒಂದೇ ಜೋಡಿಯ ಇಬ್ಬರಲ್ಲಿ ಏರಿಕೆ ಹತ್ತಿರ ಹತ್ತಿರವಾಗಿತ್ತು. ಹೆಚ್ಚಿಗೆ ಉಂಡದ್ದನ್ನು ದೇಹವು ಹೇಗೆ ಸಂಗ್ರಹಿಸುವುದೆಂಬುದನ್ನು ವಂಶ ನಿರ್ಧರಿಸುತ್ತದೆ. ಆದರೆ ಆ ಹೆಚ್ಚಿನದನ್ನು ಎಲೆಗೆ ಬಡಿಸುವುದು ವಂಶವಲ್ಲ, ನಾವಿರುವ ಸ್ಥಳ.

ಇದಕ್ಕೆ ನಮ್ಮ ದೇಶದ್ದೇ ಪ್ರಮಾಣವಿದೆ. 2005ರಿಂದ 2007ರವರೆಗೆ ಲಖನೌ, ನಾಗಪುರ, ಹೈದರಾಬಾದು, ಬೆಂಗಳೂರುಗಳ ಕಾರ್ಖಾನೆಗಳಲ್ಲಿ, ಹಳ್ಳಿಯಿಂದ ಬಂದ ಕಾರ್ಮಿಕರನ್ನು ಹಳ್ಳಿಯಲ್ಲಿಯೇ ಉಳಿದ ಅವರ ಒಡಹುಟ್ಟಿದವರೊಂದಿಗೆ ಹೋಲಿಸಲಾಯಿತು. ಬೆಂಗಳೂರಿನಲ್ಲಿ ಆರಿಸಿಕೊಂಡದ್ದು ಎಚ್.ಎಂ.ಟಿ. ಕಾರ್ಖಾನೆ. ಗಂಡಸರ ಪೈಕಿ ಹಳ್ಳಿಯಲ್ಲಿದ್ದವರಲ್ಲಿ ನೂರಕ್ಕೆ 19 ಮಂದಿ ಸ್ಥೂಲಕಾಯರಾಗಿದ್ದರೆ, ವಲಸೆ ಬಂದವರಲ್ಲಿ ಸುಮಾರು 38 ಮಂದಿ. ಸಿಹಿಮೂತ್ರ ರೋಗವು ಹಳ್ಳಿಯವರಲ್ಲಿ ನೂರಕ್ಕೆ 6 ಇದ್ದರೆ ವಲಸೆಗಾರರಲ್ಲಿ 14. ಒಂದೇ ರಕ್ತ, ಒಂದೇ ಒಲೆ; ಬದಲಾದದ್ದು ಊರು ಮತ್ತು ದುಡಿಮೆಯ ರೀತಿ.

ನಮ್ಮ ಬಾಂಧವರ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡೋಣ. ಹೋಟೆಲ್ ಕಾರ್ಮಿಕನಿಗೆ ಈಗ ಹೋಟೆಲೇ ಮನೆ, ಹೋಟೆಲಿನ ಒಲೆಯೇ ತಾಯಿಯ ಒಲೆ. ಬಂದರಿನಲ್ಲಿ ಮೀನಿನ ವ್ಯಾಪಾರ ಬೆಳಗಾಗುವ ಮೊದಲೇ ಆರಂಭವಾಗುವುದರಿಂದ ಅವನು ಕತ್ತಲಲ್ಲಿ ಏಳುತ್ತಾನೆ. ರಾತ್ರಿ ಬಾಗಿಲು ಹಾಕಿದ ಮೇಲೆ, ಮಾರಾಟವಾಗದೆ ಉಳಿದ ಬೋಂಡ, ಪೂರಿಗಳನ್ನು ಹಸಿವಿನ ಭರದಲ್ಲಿ ತಿಂದು ಮಲಗುತ್ತಾನೆ. ನಡುವೆ ಸಕ್ಕರೆ ತುಂಬಿದ ಕಾಫಿ ಎಷ್ಟು ಲೋಟವೆಂದು ಲೆಕ್ಕವಿಟ್ಟವರಿಲ್ಲ. ಗುಮಾಸ್ತ ಬಂಧುಗಳ ಪಾಡೂ ಬೇರೆಯಲ್ಲ. ಅವರಿಗೆ ಸಪ್ಲೈಯರನ ಓಡಾಟವೂ ಇಲ್ಲ.

"ಹೋಟೆಲಿನಲ್ಲಿ ಊಟ ಧರ್ಮಕ್ಕೆ ಸಿಗುತ್ತದೆ, ಇನ್ನೇನು ಬೇಕು?" ಎಂದು ಕೆಲವು ಮಾಲಿಕರು ಕೇಳಬಹುದು. ನಾವೂ ಗಲ್ಲಾದಲ್ಲಿ ಕುಳಿತು ಲೆಕ್ಕ ಬರೆದವರೇ. ಉಳಿದ ತಿಂಡಿಯನ್ನು ಕೆಲಸಗಾರನಿಗೆ ಕೊಟ್ಟರೆ ಉಳಿತಾಯವಾಗುವ ಮೊತ್ತವನ್ನು ಬಲ್ಲೆವು. ನುರಿತ ಅಡಿಗೆಯವನು ನಲವತ್ತನೆಯ ವಯಸ್ಸಿಗೇ ಸಿಹಿಮೂತ್ರ ರೋಗದಿಂದ ಮೂಲೆ ಸೇರಿದರೆ ಆಗುವ ನಷ್ಟವನ್ನೂ ಬಲ್ಲೆವು. ಅವನ ಮನೆಗಾಗುವ ನಷ್ಟವನ್ನಂತೂ ಯಾವ ಪುಸ್ತಕದಲ್ಲಿಯೂ ಬರೆಯಲಾಗದು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಕೆಲಸಗಾರರಿಗೆ ಗೊತ್ತಾದ ಹೊತ್ತಿನಲ್ಲಿ, ಕುಳಿತು ಉಣ್ಣುವಷ್ಟು ಬಿಡುವಿನೊಂದಿಗೆ, ಅವರಿಗೆಂದೇ ಮಾಡಿದ ಅಡುಗೆ ದೊರೆಯಲಿ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಗಸಿ, ಹರಿವೆ ಸೊಪ್ಪಿನ ಪಲ್ಯ ಇವು ದುಬಾರಿಯ ಪದಾರ್ಥಗಳಲ್ಲ. ವರ್ಷಕ್ಕೊಮ್ಮೆ ರಕ್ತಪರೀಕ್ಷೆಯಾಗಲಿ. ಕಾರ್ಮಿಕರೂ ತಮ್ಮ ಸೊಂಟಕ್ಕೆ ಟೇಪು ಹಿಡಿದು ನೋಡಲಿ. ಗಂಡಸರಿಗೆ 90 ಸೆಂಟಿಮೀಟರು ಮೀರಿದರೆ ಅದು ಎಚ್ಚರಿಕೆ. ದೇಹದ ಗುಣವನ್ನು ಹೆತ್ತವರಿಂದ ಪಡೆದು ಬಂದಿದ್ದೇವೆ, ಅದನ್ನು ಬದಲಿಸುವಂತಿಲ್ಲ. ಹೋಟೆಲಿನ ಒಲೆಯ ಮೇಲೆ ಏನು ಬೇಯಬೇಕೆಂಬುದು ಮಾತ್ರ ಮಾಲಿಕರ ಕೈಯಲ್ಲಿದೆ.