ಅಮೀನ್‌ಗೂ ಮೊದಲು

ಇದಿ ಅಮೀನ್ ಎಂದರೆ ನಮ್ಮ ಹಳಬರಿಗೆ ಎರಡು ಸಂಗತಿ ನೆನಪಾಗುತ್ತವೆ: 1972ರಲ್ಲಿ ಉಗಾಂಡಾದ ಭಾರತೀಯರಿಗೆ 90 ದಿನಗಳ ಗಡುವು ಕೊಟ್ಟು ಹೊರದಬ್ಬಿದ್ದು ಮತ್ತು ಅವನು ನರಭಕ್ಷಕನಂತೆ ಎಂಬ ಗುಲ್ಲು. ಮೊದಲನೆಯದು ಇತಿಹಾಸ. ಎರಡನೆಯದಕ್ಕೆ ಪುರಾವೆ ಸಿಕ್ಕಿಲ್ಲ, ಆದರೂ ಅದೇ ಹೆಚ್ಚು ಕಾಲ ಬಾಳಿತು. ರಾಕ್ಷಸ ಎಂದು ಹೇಳಿ ಕೈತೊಳೆದುಕೊಂಡರೆ ಕಷ್ಟದ ಪ್ರಶ್ನೆ ಕೇಳುವ ತಾಪತ್ರಯ ತಪ್ಪುತ್ತದೆ. ಬ್ರಿಟಿಷರ ಪಲ್ಟನ್ನಿಗೆ ಅಡುಗೆ ಸಹಾಯಕನಾಗಿ ಸೇರಿದ, ಅಷ್ಟೇನೂ ಓದಿಲ್ಲದ ಆಳಿನ ಕೈಗೆ ದೇಶವೊಂದು ಸಿಕ್ಕಿದ್ದು ಹೇಗೆ?

ಬಹುಪಾಲು ಕೊಟ್ಟವನು, ನನ್ನ ಲೆಕ್ಕದಲ್ಲಿ, ಚುನಾಯಿತ ಪ್ರಧಾನಿ ಮಿಲ್ಟನ್ ಒಬೋಟೆ.

1962ರಲ್ಲಿ, ಸ್ವಾತಂತ್ರ್ಯ ಇನ್ನೇನು ಬಂತು ಅನ್ನುವಾಗ, ಕೀನ್ಯಾದ ಟುರ್ಕಾನಾ ಪಶುಪಾಲಕರನ್ನು ಅಮೀನ್‌ನ ತುಕಡಿ ಕೊಂದಿತು. ವಿಚಾರಣೆ ನಡೆಸಬೇಕೇ ಎಂಬ ಪ್ರಶ್ನೆ ಒಬೋಟೆಯ ಮುಂದೆ ಬಂತು. ಛೀಮಾರಿ ಹಾಕಿ ಬಿಟ್ಟರು, ಅಷ್ಟೆ. 1964ರಲ್ಲಿ ಜಿಂಜಾ ಬ್ಯಾರಕ್ಕಿನ ಸೈನಿಕರು ಸಂಬಳಕ್ಕಾಗಿ ದಂಗೆಯೆದ್ದರು. ಬ್ರಿಟಿಷ್ ಪಡೆ ಬಂದು ಅಡಗಿಸಿತು, ಆದರೆ ಸರ್ಕಾರ ಸಂಬಳವನ್ನೂ ಏರಿಸಿತು. ಬಂದೂಕು ತೋರಿಸಿದರೆ ಕೇಳಿದ್ದು ಸಿಗುತ್ತದೆ ಎಂದು ಸೈನ್ಯಕ್ಕೆ ಸರ್ಕಾರವೇ ಪಾಠ ಹೇಳಿದ ಹಾಗಾಯಿತು.

ನಿಜವಾದ ತಿರುವು 1966. ಕಾಂಗೋದ ಚಿನ್ನ, ದಂತದ ವಹಿವಾಟಿನಲ್ಲಿ ಅಮೀನ್‌ನ ಹೆಸರು, ಜೊತೆಗೆ ಒಬೋಟೆಯ ಹೆಸರೂ ಕೇಳಿಬಂತು. ಅಮೀನ್‌ನನ್ನು ಅಮಾನತಿನಲ್ಲಿಟ್ಟು ತನಿಖೆ ಮಾಡಿ ಎಂದು ಸಂಸತ್ತು ಒತ್ತಾಯಿಸಿತು. ಒಬೋಟೆಯ ಉತ್ತರ ಫೆಬ್ರವರಿ 22ರಂದು ಬಂತು: ಸಂಪುಟ ಸಭೆ ನಡೆಯುತ್ತಿದ್ದ ಕೋಣೆಗೇ ಪೊಲೀಸರು ನುಗ್ಗಿ ಐವರು ಮಂತ್ರಿಗಳನ್ನು ಬಂಧಿಸಿದರು. ಸಂವಿಧಾನ ಅಮಾನತಾಯಿತು. ತನಿಖೆ ಎದುರಿಸಬೇಕಿದ್ದ ಅಮೀನ್ ಸೈನ್ಯದ ನೇತೃತ್ವಕ್ಕೇರಿದ. ಏಪ್ರಿಲ್ 15ರಂದು ಸಂಸತ್ ಭವನದ ಸುತ್ತ ಸೈನಿಕರಿದ್ದರು. ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಡಿ, ಪ್ರತಿ ನಿಮ್ಮ ನಿಮ್ಮ ಟಪಾಲು ಗೂಡಿನಲ್ಲಿ ಸಿಗುತ್ತದೆ ಎಂದು ಸದಸ್ಯರಿಗೆ ಹೇಳಲಾಯಿತು. ಓದದೆಯೇ ಒಪ್ಪಿದರು. ಮೇ ತಿಂಗಳಲ್ಲಿ ಉಗಾಂಡಾದೊಳಗಿನ ಬುಗಾಂಡಾ ರಾಜ್ಯದ ಅರಸ ಎರಡನೇ ಮುಟೇಸನ ಮೆಂಗೋ ಅರಮನೆಯ ಮೇಲೆ ಅಮೀನ್ ದಾಳಿ ಮಾಡಿದ. ಅರಸ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಹೋಗಿ 1969ರಲ್ಲಿ ಅಲ್ಲೇ ತೀರಿಕೊಂಡ. ಅದೇ ವರ್ಷದ ಕೊನೆಗೆ ವಿರೋಧ ಪಕ್ಷಗಳೆಲ್ಲ ನಿಷೇಧವಾದವು. ಒಬೋಟೆಗೆ ಗುಪ್ತ ಪೊಲೀಸರೂ ಇದ್ದರು.

ಹಾಗಾಗಿ 1971ರ ಜನವರಿ 25ರಂದು, ಒಬೋಟೆ ಸಿಂಗಪುರದ ಕಾಮನ್‌ವೆಲ್ತ್ ಸಭೆಗೆ ಹೋಗಿದ್ದಾಗ, ಕಂಪಾಲಾದಲ್ಲಿ ಅಮೀನ್ ನಡೆಸಿದ್ದು ನನ್ನ ಪ್ರಕಾರ ಎರಡನೆಯ ಕ್ಷಿಪ್ರಕ್ರಾಂತಿ; ಮೊದಲನೆಯದು 1966ರಲ್ಲಿ ಒಬೋಟೆಯೇ ಮಾಡಿದ್ದು. ರೇಡಿಯೊದಲ್ಲಿ 18 ಕಾರಣಗಳನ್ನು ಓದಿದರು. ವಿಚಾರಣೆಯಿಲ್ಲದ ಬಂಧನ, ಭ್ರಷ್ಟಾಚಾರ, ಮಾತಿನ ಸ್ವಾತಂತ್ರ್ಯವಿಲ್ಲದಿರುವುದು, ಎಲ್ಲ ಇದ್ದವು. ದೂರುಗಳೇನೂ ಸುಳ್ಳಲ್ಲ, ಅದೇ ತಮಾಷೆ. ಬುಗಾಂಡಾದ ಜನ ಬೀದಿಯಲ್ಲಿ ಕುಣಿದರು. ಅರಸನ ಅರಮನೆಗೆ ಗುಂಡಿಕ್ಕಿದವನೇ ಅರಸನ ಶವವನ್ನು ಲಂಡನ್ನಿನಿಂದ ತರಿಸಿ ಮರ್ಯಾದೆಯಿಂದ ಮಣ್ಣು ಮಾಡಿಸಿದ. ಬ್ರಿಟನ್ ಬೇಗನೆ ಮಾನ್ಯತೆ ಕೊಟ್ಟಿತು.

ಬೆನೆಡಿಕ್ಟೊ ಕಿವಾನುಕ ಎಂಬಾತನ ಪಾಡು ನೋಡಿ. ಸ್ವಾತಂತ್ರ್ಯಕ್ಕೆ ಮುಂಚೆ ಪ್ರಧಾನಿಯಾಗಿದ್ದವನು. ಒಬೋಟೆ ಜೈಲಿಗೆ ಹಾಕಿದ, ಅಮೀನ್ ಬಿಡಿಸಿ ಮುಖ್ಯ ನ್ಯಾಯಮೂರ್ತಿ ಮಾಡಿದ. 1972ರ ಸೆಪ್ಟೆಂಬರಿನಲ್ಲಿ, ಅಕ್ರಮ ಬಂಧನದಲ್ಲಿದ್ದ ಬ್ರಿಟಿಷ್ ಪ್ರಜೆಯೊಬ್ಬನನ್ನು ಬಿಡಿ ಎಂದು ಆದೇಶಿಸಿದ ಕೆಲವೇ ದಿನಗಳಲ್ಲಿ, ಅವನನ್ನು ಹೈಕೋರ್ಟ್ ಕಟ್ಟಡದಿಂದಲೇ ಎಳೆದೊಯ್ದರು. ಶವವೂ ಮನೆಯವರ ಕೈಸೇರಲಿಲ್ಲ. ಇದು ಒಬ್ಬನ ಕಥೆ. ಅಷ್ಟರಲ್ಲಿ ಬ್ಯಾರಕ್ಕುಗಳಲ್ಲಿ ಅಚೋಲಿ, ಲಾಂಗಿ ಬುಡಕಟ್ಟಿನ ಸೈನಿಕರನ್ನು ರಾಶಿ ರಾಶಿಯಾಗಿ ಕೊಂದಾಗಿತ್ತು. 1977ರಲ್ಲಿ ಆರ್ಚ್‌ಬಿಷಪ್ ಜನಾನಿ ಲುವುಮ್‌ನನ್ನು ಕೊಂದು ಕಾರು ಅಪಘಾತ ಎಂದರು. ಎಂಟು ವರ್ಷಗಳಲ್ಲಿ ಸತ್ತವರ ಅಂದಾಜು 80,000ದಿಂದ 5 ಲಕ್ಷದವರೆಗೆ ಹೋಗುತ್ತದೆ. ಅಂದಾಜುಗಳ ಈ ಅಂತರವೇ ಆ ಆಡಳಿತ ಎಂಥದಿತ್ತು ಎಂಬುದಕ್ಕೆ ಸಾಕ್ಷಿ.

ಹೀಗೆ ಹೇಳಿದರೆ ಅಮೀನ್‌ನ ಪಾಪವನ್ನು ಒಬೋಟೆಯ ತಲೆಗೆ ಕಟ್ಟಿದಂತೆ ಆಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಕೊಲೆಗಳು ಅಮೀನ್‌ನವೇ. ಬ್ರಿಟಿಷರೂ ನಿರಪರಾಧಿಗಳಲ್ಲ: ಉತ್ತರದ ಬಡ ಬುಡಕಟ್ಟುಗಳಿಂದ ಸೈನಿಕರನ್ನೂ, ದಕ್ಷಿಣದ ಬುಗಾಂಡಾದಿಂದ ಗುಮಾಸ್ತರನ್ನೂ ಆರಿಸಿ, ಬಂದೂಕನ್ನೂ ಲೇಖನಿಯನ್ನೂ ಬೇರೆ ಬೇರೆ ಜನರ ಕೈಗೆ ಕೊಟ್ಟವರು ಅವರೇ. ಆದರೆ ಆ ಬಂದೂಕನ್ನು ರಾಜಕೀಯದ ಜಗಳಕ್ಕೆ ಕರೆತಂದದ್ದು ಒಬೋಟೆ. ತನಗೆ ಬೇಕಾದಾಗ ನ್ಯಾಯಾಲಯವನ್ನೂ ಸಂಸತ್ತನ್ನೂ ಬದಿಗೊತ್ತಿದ ನಾಯಕ, ತನ್ನನ್ನು ಕಿತ್ತೊಗೆಯುವ ದಿನ ಯಾರ ಮೊರೆ ಹೋಗಬೇಕು?

ಅಮೀನ್ ಒಬ್ಬನೇ ರೋಗವಾಗಿದ್ದರೆ ಅವನು ಹೋದ ಮೇಲೆ ದೇಶ ಚೇತರಿಸಿಕೊಳ್ಳಬೇಕಿತ್ತು. 1979ರ ಏಪ್ರಿಲ್‌ನಲ್ಲಿ ತಾಂಜಾನಿಯಾದ ಸೈನ್ಯ ಕಂಪಾಲಾ ಹಿಡಿಯಿತು. ಅಮೀನ್ ಲಿಬಿಯಾಕ್ಕೆ, ಆಮೇಲೆ ಸೌದಿಗೆ ಓಡಿದ. 2003ರಲ್ಲಿ ಜೆಡ್ಡಾದ ಆಸ್ಪತ್ರೆಯಲ್ಲಿ ಸತ್ತ, ಒಂದು ದಿನವೂ ಕಟಕಟೆ ಹತ್ತದೆ. ಒಬೋಟೆ 1980ರ ವಿವಾದಿತ ಚುನಾವಣೆಯಲ್ಲಿ ಮರಳಿ ಬಂದ. ಲುವೇರೊ ಪ್ರದೇಶದಲ್ಲಿ ಮತ್ತೆ ಹತ್ಯಾಕಾಂಡ ನಡೆಯಿತು. 1985ರಲ್ಲಿ ಅವನ ಸೈನ್ಯವೇ ಅವನನ್ನು ಎರಡನೆಯ ಸಲ ಓಡಿಸಿತು. 1986ರಲ್ಲಿ ಬಂದೂಕು ಹಿಡಿದೇ ಬಂದ ಯೊವೇರಿ ಮುಸೆವೇನಿ, ಅಧ್ಯಕ್ಷನ ಅವಧಿಯ ಮಿತಿಯನ್ನು 2005ರಲ್ಲಿ, ವಯಸ್ಸಿನ ಮಿತಿಯನ್ನು 2017ರಲ್ಲಿ ಸಂವಿಧಾನದಿಂದ ತೆಗೆಸಿದ. ಸ್ವಾತಂತ್ರ್ಯ ಬಂದಾಗಿನಿಂದ ಉಗಾಂಡಾದಲ್ಲಿ ಒಬ್ಬ ಅಧ್ಯಕ್ಷನೂ ಚುನಾವಣೆಯಲ್ಲಿ ಸೋತು ಇನ್ನೊಬ್ಬನಿಗೆ ಕುರ್ಚಿ ಬಿಟ್ಟುಕೊಟ್ಟಿಲ್ಲ.