ಅಪ್ಪ ಮತ್ತೆ ಅಂಗಣಕ್ಕೆ ಇಳಿಯಬಹುದೆ?

ದ್ವಿತೀಯ ಪಿಯುಸಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳ ಪತ್ರ ನನ್ನ ಮುಂದಿದೆ. ಆಕೆಯ ತಂದೆಗೆ 59 ವರ್ಷ. ಕಾಲೇಜು ದಿನಗಳಲ್ಲಿ ವಾಲಿಬಾಲ್ ಆಡುವಾಗ ಪದೇ ಪದೇ ಉಳುಕುತ್ತಿದ್ದ ಬಲಪಾದದ ಕೀಲು ಪೂರಾ ಸವೆದು, ಐದು ತಿಂಗಳ ಹಿಂದೆ ಕೃತಕ ಕೀಲು ಜೋಡಿಸಲಾಗಿದೆ. ಈಗ ನೋವಿಲ್ಲ. ಮುಂದಿನ ತಿಂಗಳು ಹಳೆಯ ವಿದ್ಯಾರ್ಥಿಗಳ ಪಂದ್ಯದಲ್ಲಿ ಆಡಿಯೇ ತೀರುತ್ತೇನೆಂದು ಹಟ ಹಿಡಿದಿದ್ದಾರಂತೆ. 'ಬೇಡವೆಂದರೆ ಅಪ್ಪನ ಮುಖ ಬಾಡುತ್ತದೆ, ಆಡಲಿ ಎನ್ನಲು ಭಯ. ಏನು ಮಾಡಲಿ?' ಎಂದು ಕೇಳಿದ್ದಾಳೆ.

ಮೊದಲು ಒಳಗೆ ಏನಿದೆಯೆಂದು ತಿಳಿಯೋಣ. ಈ ಶಸ್ತ್ರಚಿಕಿತ್ಸೆಯಲ್ಲಿ ಕಣಕಾಲಿನ ಮೂಳೆಯ ಕೆಳತುದಿಗೂ ಅದರಡಿಯ ಪಾದದ ಮೂಳೆಗೂ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ನೋವು ಹೋಗುತ್ತದೆ, ನಡಿಗೆ ಸಲೀಸಾಗುತ್ತದೆ. ಆದರೆ ನೋವಿಲ್ಲವೆಂದ ಮಾತ್ರಕ್ಕೆ ಕೀಲು ಇಪ್ಪತ್ತರ ಹರೆಯದ್ದಾಗುವುದಿಲ್ಲ. ಎಗರಿ ಒಂಟಿಕಾಲಿನ ಮೇಲೆ ಇಳಿದಾಗ ದೇಹದ ತೂಕದ ಹಲವು ಪಟ್ಟು ಭಾರ ಆ ಪುಟ್ಟ ಕೀಲಿನ ಮೇಲೆ ಬೀಳುತ್ತದೆ. ಹೀಗೆಯೇ ಮುಂದುವರಿದರೆ ಬಿಲ್ಲೆ ಸವೆಯಬಹುದು, ಲೋಹ ಮೂಳೆಯಿಂದ ಸಡಿಲಗೊಳ್ಳಬಹುದು. ಎರಡನೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಷ್ಟದ್ದು.

ಆದ್ದರಿಂದ ವಾಲಿಬಾಲ್, ಕಬಡ್ಡಿ, ಫುಟ್ಬಾಲ್, ಓಟ ಇವು ಬೇಡ. ಹಾಗೆಂದು ಅಪ್ಪನನ್ನು ಕುರ್ಚಿಗೆ ಕಟ್ಟಿಹಾಕಬೇಕಿಲ್ಲ. ನಡಿಗೆ, ಸೈಕಲ್, ಈಜು ಇವರಿಗೆ ಹೇಳಿ ಮಾಡಿಸಿದ ವ್ಯಾಯಾಮಗಳು. ಗಾಯ ಪೂರ್ತಿ ಒಣಗಿ ವೈದ್ಯರು ಒಪ್ಪಿದ ಮೇಲೆ ಇವನ್ನು ಒಂದೊಂದಾಗಿ ಆರಂಭಿಸಬೇಕು. ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವ, ಹಿಮ್ಮಡಿ ಎತ್ತುವ ಅಭ್ಯಾಸವನ್ನು ಫಿಸಿಯೋಥೆರಪಿ ತಜ್ಞರಿಂದ ಕಲಿತು ದಿನವೂ ಮಾಡಿದರೆ ಸಮತೋಲನ ಮರಳುತ್ತದೆ. ಸಂಜೆ ಪಾದ ಊದಿಕೊಂಡರೆ ಗಾಬರಿ ಬೇಡ, ವರ್ಷದವರೆಗೂ ಹಾಗಾಗುವುದುಂಟು. ಆದರೆ ಮೀನಖಂಡದಲ್ಲಿ ನೋವು–ಬಾವು, ಜ್ವರ, ಗಾಯದಿಂದ ಸೋರಿಕೆ, ದಿಢೀರ್ ನೋವು ಕಂಡರೆ ಅಂದೇ ವೈದ್ಯರಿಗೆ ತೋರಿಸಿ.

ಪಂದ್ಯದ ದಿನ ಅಪ್ಪನ ಕೈಗೆ ಶಿಳ್ಳೆ ಕೊಡಿ, ರೆಫರಿಯಾಗಲಿ. ಅಂಗಣದ ಮಣ್ಣಿನ ವಾಸನೆ ಅಲ್ಲಿಯೂ ಸಿಗುತ್ತದೆ.

ಇನ್ನು ಮಕ್ಕಳಿಗೊಂದು ಮಾತು. ಮೊಣಕಾಲು ಹೆಚ್ಚಾಗಿ ವಯಸ್ಸಿನಿಂದ ಸವೆದರೆ, ಪಾದದ ಕೀಲು ಬಹುಪಾಲು ಹಳೆಯ ಪೆಟ್ಟಿನಿಂದ ಸವೆಯುತ್ತದೆ. ಖೋ–ಖೋ ಆಡುವಾಗ ಕಾಲು ಉಳುಕಿದರೆ ಎಣ್ಣೆ ಹಚ್ಚಿ ಎಳೆಸಿಕೊಂಡು ಮರುದಿನವೇ ಮೈದಾನಕ್ಕೆ ಓಡಬೇಡಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಥವಾ ಗಂಟಿನ ಮೂಳೆ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಬೇಕು. ಬೆಳೆಯುವ ಮಕ್ಕಳಲ್ಲಿ ಉಳುಕೆಂದು ತೋರುವುದು ಮೂಳೆಯ ಬೆಳವಣಿಗೆಯ ಪಟ್ಟಿಗೆ ಬಿದ್ದ ಪೆಟ್ಟಾಗಿರಬಹುದು. ನೋವಿಲ್ಲದೆ ಅದೇ ಕಾಲಿನಲ್ಲಿ ಕುಂಟುತ್ತಾ ಹತ್ತು ಬಾರಿ ಜಿಗಿಯಲು ಬಂದ ಮೇಲಷ್ಟೆ ಆಟದ ಮಾತು.

ತಂದೆತಾಯಿಗಳೇ, ಅಂತರಶಾಲಾ ಪಂದ್ಯ ಬರುವ ವರ್ಷವೂ ಇರುತ್ತದೆ. ಆ ಮಗುವಿಗೆ ನಡೆಯಲು ಇನ್ನೂ ಅರವತ್ತು ವರ್ಷಗಳಿವೆ.