ಸಣ್ಣ ಊರು ವನವಾಸವಲ್ಲ

ಜೂನ್ ಮುಗಿಯುತ್ತಿದ್ದಂತೆ ನಮ್ಮ ಬಳಗದಲ್ಲಿ ಪ್ರತಿವರ್ಷವೂ ಅದೇ ಮಾತು ಕೇಳಿಬರುತ್ತದೆ: "ಪಾಪ, ಅವರಿಗೆ ಎಲ್ಲೋ ಕೊಂಪೆಯಲ್ಲಿ ಕೆಲಸ ಸಿಕ್ಕಿದೆಯಂತೆ." ರೆಸಿಡೆನ್ಸಿ ಮುಗಿಸಿದ ತರುಣ ವೈದ್ಯರು, ಜೆ-1 ವೀಸಾದ ನಿಬಂಧನೆಯಂತೆ ಎರಡು ವರ್ಷ ಭಾರತಕ್ಕೆ ಹಿಂದಿರುಗುವುದರ ಬದಲಾಗಿ, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಲು ಒಪ್ಪಿ ಹೊರಟಿರುತ್ತಾರೆ. ಬೀಳ್ಕೊಡುಗೆಯ ಊಟದಲ್ಲಿ ಅವರಿಗೆ ದೊರೆಯುವುದು ಅಭಿನಂದನೆಯಲ್ಲ, ಸಂತಾಪ. ಈ ಸಂತಾಪವನ್ನು ನಾವು ಒಪ್ಪಲಾರೆವು.

ಈ ಏರ್ಪಾಡು ಯಾರೋ ಕರುಣೆಯಿಂದ ನೀಡಿದ ಭಿಕ್ಷೆಯಲ್ಲ. ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಮುಂದಿಟ್ಟು, 1994ರಲ್ಲಿ ಕಾನೂನಾದದ್ದು ಇದು. ಇಂದು ಒಂದೊಂದು ರಾಜ್ಯವೂ ವರ್ಷಕ್ಕೆ 30 ವೈದ್ಯರನ್ನು ಶಿಫಾರಸು ಮಾಡಬಹುದು. ಕರೆದವರು ಅವರು, ಹೋಗುವವರು ಅತಿಥಿಗಳು, ಅಪರಾಧಿಗಳಲ್ಲ. ಇಂಥ ಊರುಗಳಲ್ಲಿ ಅನೇಕ ಕಡೆ ಇರುವುದು 25 ಹಾಸಿಗೆ ಮೀರದ 'ಕ್ರಿಟಿಕಲ್ ಆಕ್ಸೆಸ್' ಆಸ್ಪತ್ರೆ. ಸಾಮಾನ್ಯ ನಿಯಮದಂತೆ ಮತ್ತೊಂದು ಆಸ್ಪತ್ರೆ 35 ಮೈಲಿಗಿಂತ ಆಚೆ. 2010ರಿಂದೀಚೆಗೆ ಈ ದೇಶದಲ್ಲಿ ನೂರಕ್ಕೂ ಹೆಚ್ಚು ಗ್ರಾಮೀಣ ಆಸ್ಪತ್ರೆಗಳು ಬಾಗಿಲು ಹಾಕಿವೆ. ಹೆರಿಗೆ ವಿಭಾಗವಂತೂ ಎಷ್ಟೋ ಕಡೆ ಅದಕ್ಕೂ ಮೊದಲೇ ಮುಚ್ಚಿರುತ್ತದೆ. ಎದೆನೋವೆಂದು ನಡುರಾತ್ರಿ ಬಂದ ರೈತನಿಗೆ, ಅಲ್ಲಿ ಎಚ್ಚರವಿರುವ ಒಬ್ಬ ವೈದ್ಯನೇ ಸರ್ವಸ್ವ. ಅಂಥ ಸ್ಥಾನವನ್ನು ಕೊಂಪೆ ಎನ್ನುವ ನಾಲಗೆಗೆ ಏನೆನ್ನೋಣ?

ಇನ್ನು ಹಿರಿಯರ ಹಿತವಚನ: "ಮನೆ ಕೊಳ್ಳಬೇಡಿ, ಪೆಟ್ಟಿಗೆ ಪೂರ್ತಿ ಬಿಚ್ಚಬೇಡಿ, ಹೆಂಡತಿ ಮಕ್ಕಳು ಇಲ್ಲೇ ಇರಲಿ, ವಾರಾಂತ್ಯಕ್ಕೆ ಬಂದು ಹೋಗಿ." ವೈದ್ಯರಾಗಿ ನಾವು ಹೇಳುವುದು: ಇದು ಕೆಟ್ಟ ಸಲಹೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ನಾಲ್ಕು ಗಂಟೆ ಕಾರು ಓಡಿಸುವವನ ಪ್ರಾಣಕ್ಕೆ ಹೊಣೆ ಯಾರು? ಸಕ್ಕರೆ ಕಾಯಿಲೆಯ ವೃದ್ಧೆ ಪ್ರತಿ ಮೂರು ವರ್ಷಕ್ಕೊಮ್ಮೆ ಹೊಸ ಮುಖದೆದುರು ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕು. ಗಂಟುಮೂಟೆ ಕಟ್ಟಿಯೇ ಕುಳಿತ ವೈದ್ಯನನ್ನು ಊರವರು ಬಹುಬೇಗ ಗುರುತಿಸುತ್ತಾರೆ.

ಈ ತಾತ್ಸಾರವನ್ನು ನಮ್ಮವರು ಅಮೆರಿಕದಲ್ಲಿ ಕಲಿತದ್ದಲ್ಲ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಗ್ರಾಮೀಣ ಸೇವೆ ಸಲ್ಲಿಸಬೇಕೆಂಬ ಕರ್ನಾಟಕದ 2012ರ ಶಾಸನದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವರೆಷ್ಟು ಮಂದಿ! ಯಾದಗಿರಿ ದೂರವಾಯಿತೆಂದವರಿಗೆ ನೆಬ್ರಾಸ್ಕ ಹತ್ತಿರವಾದೀತೆ?

ಕಷ್ಟಗಳಿಲ್ಲವೆಂದು ನಾವು ಹೇಳುತ್ತಿಲ್ಲ. ಎಚ್-4 ವೀಸಾದಲ್ಲಿರುವ ಸಂಗಾತಿಗೆ, ಐ-140 ಮಂಜೂರಾಗುವವರೆಗೆ ಸಾಮಾನ್ಯವಾಗಿ ದುಡಿಯುವ ಅನುಮತಿಯೇ ಇಲ್ಲ. ತೊಗರಿಬೇಳೆಗೂ ಬ್ಯಾಡಗಿ ಮೆಣಸಿನಕಾಯಿಗೂ ಎರಡು ಗಂಟೆಯ ಪ್ರಯಾಣ. ಆರು ತಿಂಗಳ ಹಿಮದ ನಡುವೆ, ಕಲಿತ ವಿದ್ಯೆಯನ್ನು ಬದಿಗಿಟ್ಟು, ಕನ್ನಡದಲ್ಲಿ ಒಂದು ಮಾತಾಡಲು ಜನರಿಲ್ಲದೆ ಕುಳಿತ ಹೆಣ್ಣುಮಗಳ ಮನೋವ್ಯಥೆ ಸಣ್ಣದಲ್ಲ. ಖಿನ್ನತೆಗೆ ಅದು ಹದವಾದ ನೆಲ.

ಆದರೆ ಆ ಒಂಟಿತನದಲ್ಲಿ ನಮ್ಮ ಸಂಘದ ಪಾಲೆಷ್ಟು? ಯುಗಾದಿ, ಗಣೇಶ, ರಾಜ್ಯೋತ್ಸವ ಎಲ್ಲವೂ ನಗರದ ಸುತ್ತಿನಲ್ಲೇ. ಐದು ಗಂಟೆ ದೂರದಲ್ಲಿರುವ ಕುಟುಂಬದಿಂದಲೂ ಅಷ್ಟೇ ಸದಸ್ಯತ್ವ ಶುಲ್ಕ. ಅವರಿಗೆ ಪ್ರತಿಯಾಗಿ ಸಿಗುವುದು ಛಾಯಾಚಿತ್ರಗಳು. ಮಕ್ಕಳ ಕನ್ನಡ ತರಗತಿಯನ್ನು ಅಂತರ್ಜಾಲದಲ್ಲಿಯೂ ನಡೆಸಿರೆಂದರೆ "ಸ್ವಯಂಸೇವಕರಿಲ್ಲ" ಎಂಬ ಉತ್ತರ. ನಾಟಕದ ಪರದೆ ಕಟ್ಟಲು ನಲವತ್ತು ಮಂದಿ ಸಿಗುತ್ತಾರಲ್ಲ!

ನಮ್ಮ ಬೇಡಿಕೆಗಳು ದೊಡ್ಡವಲ್ಲ. ದೂರದ ಊರಿನ ಕುಟುಂಬಗಳಿಗೆ ಮೊದಲ ವರ್ಷ ಶುಲ್ಕ ಬೇಡ. ವಾರಕ್ಕೊಂದು ತರಗತಿ ಅಂತರ್ಜಾಲದಲ್ಲಿ ನಡೆಯಲಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತಿಂಗಳಿಗೆ ಎಷ್ಟು ರಾತ್ರಿ ಕರೆ, ಆಸ್ಪತ್ರೆ ಮುಚ್ಚಿದರೆ ಗತಿಯೇನು ಎಂದು ಕೇಳಿಸಬಲ್ಲ ಅನುಭವಿ ವೈದ್ಯರಿಬ್ಬರು ತರುಣರೊಡನೆ ಕುಳಿತುಕೊಳ್ಳಲಿ. ಮತ್ತು ಈ ಬೇಸಿಗೆಯ ವನಭೋಜನ ಎಂದಿನ ಉದ್ಯಾನದಲ್ಲಿ ಬೇಡ, ಅವರ ಊರಿನ ಕೆರೆಯ ದಂಡೆಯಲ್ಲಾಗಲಿ. ಬುತ್ತಿ ಕಟ್ಟಿಕೊಂಡು ಬರಲು ಸಿದ್ಧರಿರುವವರು ಕಾರ್ಯದರ್ಶಿಗಳಲ್ಲಿ ಹೆಸರು ಬರೆಯಿಸಿ.